ಹಬ್ಬೋ ಸ್ವಿಚ್ಚೋ? ಟೇಬಲ್ ಕೆಳಗಿನ ನೆಟ್‌ವರ್ಕ್ ಡಬ್ಬವನ್ನು ಗುರುತಿಸುವುದು, ಬದಲಿಸುವುದು ಹೇಗೆ

ದಾವಣಗೆರೆಯಲ್ಲಿ ನಮ್ಮ ಭಾವನದ್ದು ಚಿಕ್ಕ ಡಿಟಿಪಿ ಅಂಗಡಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಮೂರು ಕಂಪ್ಯೂಟರ್, ಒಂದು ಪ್ರಿಂಟರ್, ಒಳಗೆ ಹಾಲ್‌ನಲ್ಲಿ ಒಂದು ಟಿವಿ. ಎಲ್ಲಕ್ಕೂ ವೈರ್ ಎಳೆದಿದ್ದರು. ಮದುವೆ ಸೀಸನ್ ಬಂತೆಂದರೆ ಆಲ್ಬಂ ಕೆಲಸ. ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಫೋಟೊ ಕಾಪಿಗೆ ಹಾಕಿದರೆ ಸಾಕು, ಒಳಗಿನಿಂದ ಅಕ್ಕ “ರೀ, ಟಿವಿ ಮತ್ತೆ ನಿಂತೋಯ್ತು” ಎಂದು ಕೂಗುತ್ತಿದ್ದಳು. ಭಾವ ಇಂಟರ್ನೆಟ್ ಪ್ಲಾನನ್ನು 40ರಿಂದ 100 ಎಂಬಿಪಿಎಸ್‌ಗೆ ಏರಿಸಿದರು. (ಎಂಬಿಪಿಎಸ್ ಎಂದರೆ ಸೆಕೆಂಡಿಗೆ ಇಷ್ಟು ಮೆಗಾಬಿಟ್ ಎಂಬ ವೇಗದ ಅಳತೆ.) ದುಡ್ಡು ಜಾಸ್ತಿಯಾಯಿತು, ವೇಗ ಆಗಲಿಲ್ಲ. ಕೊನೆಗೆ ಪೆನ್‌ಡ್ರೈವ್ ಹಿಡಿದುಕೊಂಡು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಓಡಾಡುವುದೇ ಅಭ್ಯಾಸವಾಗಿಬಿಟ್ಟಿತ್ತು.

ಹಬ್ಬಕ್ಕೆ ಹೋದಾಗ ನಾನು ಮೊದಲು ನೋಡಿದ್ದು ಒಂದೇ ವಿಷಯ. ಮೊಬೈಲಿನಲ್ಲಿ ವೈಫೈ ಮೂಲಕ ಸ್ಪೀಡ್ ಟೆಸ್ಟ್ ಮಾಡಿದರೆ 90ಕ್ಕಿಂತ ಜಾಸ್ತಿ ಬರುತ್ತಿತ್ತು. ವೈರ್ ಹಾಕಿದ ಕಂಪ್ಯೂಟರಿನಲ್ಲಿ 7 ದಾಟುತ್ತಿರಲಿಲ್ಲ. ಮಾಮೂಲಿಗೆ ಇದು ಉಲ್ಟಾ ಇರಬೇಕು, ಅಲ್ವಾ? ಅಂದರೆ ಇಂಟರ್ನೆಟ್ ಸರಿಯಾಗೇ ಮನೆಯೊಳಗೆ ಬರುತ್ತಿದೆ. ಮೋಡೆಮ್ ಮತ್ತು ಕಂಪ್ಯೂಟರ್ ನಡುವೆ ಎಲ್ಲೋ ಸಿಕ್ಕಿಕೊಂಡಿದೆ. ಟೇಬಲ್ ಕೆಳಗೆ ಬಗ್ಗಿ ನೋಡಿದರೆ ಧೂಳು ಹೊದ್ದುಕೊಂಡ ಎಂಟು ಪೋರ್ಟಿನ, ಅಂದರೆ ವೈರ್ ಚುಚ್ಚುವ ಎಂಟು ತೂತಿನ ಡಬ್ಬ ಸಿಕ್ಕಿತು. ಯಾವುದೋ ಆಫೀಸು ಮುಚ್ಚಿದಾಗ ಹಳೇ ಕಂಪ್ಯೂಟರುಗಳ ಜತೆ ಬಂದಿದ್ದಂತೆ. ಬಟ್ಟೆಯಲ್ಲಿ ಒರೆಸಿ ಲೇಬಲ್ ಓದಿದೆ. ‘ಈಥರ್ನೆಟ್ ಹಬ್, 10 ಎಂಬಿಪಿಎಸ್’ ಎಂದಿತ್ತು. ಈಥರ್ನೆಟ್ ಎಂದರೆ ಕಂಪ್ಯೂಟರುಗಳನ್ನು ವೈರಿನಲ್ಲಿ ಜೋಡಿಸುವ ಪದ್ಧತಿ.

ಇಂಥ ಡಬ್ಬ ನಿಮ್ಮ ಮನೆಯಲ್ಲೂ ಇರಬಹುದು. ಹಬ್ಬಾಗಲಿ ಸ್ವಿಚ್ಚಾಗಲಿ, ಎರಡೂ ಹಲವು ಸಾಧನಗಳನ್ನು ವೈರಿನಲ್ಲಿ ಒಟ್ಟಿಗೆ ಸೇರಿಸುವ ಡಬ್ಬಗಳೇ. ಹಬ್ ನೋಡಲು ಸ್ವಿಚ್ ಇದ್ದಂತೆಯೇ ಇರುತ್ತದೆ. ಅದೇ ಸಾಲು ತೂತುಗಳು, ಅದೇ ಮಿಣುಕು ದೀಪ, ಅದೇ ಅಡಾಪ್ಟರ್. ಒಳಗಿನ ಕೆಲಸ ಮಾತ್ರ ಪೂರ್ತಿ ಬೇರೆ. ಬದಲಿಸುವ ಮೊದಲು ಆ ವ್ಯತ್ಯಾಸ ಒಮ್ಮೆ ಅರ್ಥವಾದರೆ ಮುಂದಿನ ಎಲ್ಲ ಹೆಜ್ಜೆಯೂ ಸಲೀಸು.

ಹಬ್ ಏನು ಮಾಡುತ್ತದೆ?

ಹಳೇ ಮೈಸೂರು, ಬೆಂಗಳೂರಿನ ವಠಾರ ನೆನಪಿಸಿಕೊಳ್ಳಿ. ನಡುವೆ ಅಂಗಳ, ಸುತ್ತ ಮನೆಗಳು. ಅಂಗಳದಲ್ಲಿ ನಿಂತು ಯಾರಾದರೂ “ಸರೋಜಮ್ಮಾ, ನಿಮಗೆ ಕಾಗದ ಬಂದಿದೆ” ಎಂದು ಕೂಗಿದರೆ ಎಲ್ಲ ಮನೆಯವರಿಗೂ ಕೇಳುತ್ತದೆ. ಸರೋಜಮ್ಮ ಹೊರಗೆ ಬರುತ್ತಾರೆ. ಉಳಿದವರು ‘ನಮಗಲ್ಲ’ ಎಂದು ಸುಮ್ಮನಾಗುತ್ತಾರೆ. ಹಬ್ ಮಾಡುವುದು ಇಷ್ಟೇ. ಒಂದು ಪೋರ್ಟಿನಿಂದ ಬಂದ ಸಂಕೇತವನ್ನು ಉಳಿದ ಎಲ್ಲ ಪೋರ್ಟುಗಳಿಗೂ ಹಾಗೇ ಕಳಿಸುತ್ತದೆ. ಯಾರಿಗೆ ಸೇರಬೇಕು ಎಂದು ಓದುವ ಬುದ್ಧಿ ಅದಕ್ಕಿಲ್ಲ. ಪ್ರಿಂಟರಿಗೆ ಕಳಿಸಿದ ಫೈಲ್ ಟಿವಿಗೂ ಹೋಗುತ್ತದೆ, ಪಕ್ಕದ ಕಂಪ್ಯೂಟರಿಗೂ ಹೋಗುತ್ತದೆ. ಅವು ತಮ್ಮದಲ್ಲ ಎಂದು ಎಸೆಯುತ್ತವೆ.

ತೊಂದರೆ ಶುರುವಾಗುವುದು ಇಬ್ಬರು ಒಟ್ಟಿಗೆ ಕೂಗಿದಾಗ. ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲ. ನೆಟ್‌ವರ್ಕ್ ಭಾಷೆಯಲ್ಲಿ ಇದನ್ನು ಕೊಲಿಷನ್ ಎನ್ನುತ್ತಾರೆ, ಡಿಕ್ಕಿ. ಡಿಕ್ಕಿಯಾದ ಕೂಡಲೇ ಎರಡೂ ಕಂಪ್ಯೂಟರುಗಳು ನಿಲ್ಲಿಸುತ್ತವೆ. ಒಂದೊಂದೂ ತನ್ನಷ್ಟಕ್ಕೆ ಒಂದಿಷ್ಟು ಹೊತ್ತು ಕಾದು ಮತ್ತೆ ಕಳಿಸುತ್ತದೆ. 10 ಎಂಬಿಪಿಎಸ್ ಜಾಲದಲ್ಲಿ ಈ ಕಾಯುವಿಕೆಯ ಅಳತೆಗೋಲು 51.2 ಮೈಕ್ರೊಸೆಕೆಂಡ್. ಮತ್ತೆ ಮತ್ತೆ ಡಿಕ್ಕಿಯಾದರೆ ಕಾಯುವ ಹೊತ್ತು ಬೆಳೆಯುತ್ತಾ ಹೋಗುತ್ತದೆ. 16 ಸಲ ಸೋತರೆ, ಕಳಿಸುತ್ತಿದ್ದ ಆ ದತ್ತಾಂಶದ ತುಣುಕನ್ನು ಕೈಬಿಡುತ್ತದೆ. ಆಗ ಅದನ್ನು ಮೊದಲಿನಿಂದ ಕಳಿಸುವ ಕೆಲಸ ಮೇಲಿನ ಸಾಫ್ಟ್‌ವೇರ್ ತಲೆಗೆ ಬೀಳುತ್ತದೆ.

ಭಾವನ ಹಬ್ ಮೇಲೆ ಒಂದು ಪುಟ್ಟ ಕಿತ್ತಳೆ ದೀಪ ಇತ್ತು. ಅದರ ಪಕ್ಕದಲ್ಲಿ ‘ಸಿ-ಓ-ಎಲ್’ ಎಂಬ ಮೂರು ಅಕ್ಷರ. ಕೊಲಿಷನ್ ಅನ್ನುವುದರ ಚಿಕ್ಕ ರೂಪ. ಎರಡು ಕಂಪ್ಯೂಟರಿನಿಂದ ಒಟ್ಟಿಗೆ ಫೋಟೊ ಕಾಪಿಗೆ ಹಾಕಿ, ಅಕ್ಕನಿಗೆ ಟಿವಿ ಹಾಕಲು ಹೇಳಿದೆ. ಆ ದೀಪ ಮಿಣುಕುವುದಿರಲಿ, ಹೆಚ್ಚುಕಮ್ಮಿ ಉರಿದೇ ನಿಂತಿತು. ಇಷ್ಟು ದಿನ ತನ್ನ ಕಷ್ಟವನ್ನು ಅದು ಹೇಳುತ್ತಲೇ ಇತ್ತು. ಟೇಬಲ್ ಕೆಳಗೆ ಯಾರೂ ನೋಡಿರಲಿಲ್ಲ.

ಈಥರ್ನೆಟ್ ಹುಟ್ಟಿದ್ದೇ ಹೀಗೆ ಕೂಗಿ ಹೇಳುವ ಪದ್ಧತಿಯಲ್ಲಿ. 1973ರಲ್ಲಿ ಅಮೆರಿಕದ ಜೆರಾಕ್ಸ್ ಕಂಪನಿಯ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಲ್ಲಿ ರಾಬರ್ಟ್ ಮೆಟ್‌ಕಾಫ್ ಮತ್ತು ಡೇವಿಡ್ ಬಾಗ್ಸ್ ಇದನ್ನು ರೂಪಿಸಿದಾಗ ಎಲ್ಲ ಕಂಪ್ಯೂಟರುಗಳೂ ಒಂದೇ ದಪ್ಪ ಕೇಬಲ್ಲಿಗೆ ಅಂಟಿಕೊಂಡಿದ್ದವು. 1990ರಲ್ಲಿ ಈಗಿನಂಥ ತೆಳು ಜೋಡಿ ವೈರಿನ ಮಾನದಂಡ ಬಂದಾಗ ಆ ಕೇಬಲ್ ಜಾಗಕ್ಕೆ ಹಬ್ ಬಂತು. ಡಬ್ಬದೊಳಗೆ ಮಡಚಿಟ್ಟ ಅದೇ ಒಂದು ಕೇಬಲ್ ಎಂದುಕೊಳ್ಳಿ.

ಸ್ವಿಚ್ ಏನು ಮಾಡುತ್ತದೆ?

ಅದೇ ವಠಾರಕ್ಕೆ, ಯಾರ ಮನೆ ಯಾವುದು ಎಂದು ಬಲ್ಲ ಒಬ್ಬ ಅಜ್ಜ ಬಂದು ಬಾಗಿಲಲ್ಲಿ ಕೂತ ಹಾಗೆ ಸ್ವಿಚ್. ಕಾಗದ ಬಂದರೆ ನೇರ ಸರೋಜಮ್ಮನ ಮನೆಗೇ ತಲುಪಿಸುತ್ತಾನೆ. ಕೂಗಾಟವಿಲ್ಲ.

ಈ ಅಜ್ಜನಿಗೆ ಮನೆಗಳ ಗುರುತು ಯಾರೂ ಹೇಳಿಕೊಡುವುದಿಲ್ಲ. ತಾನೇ ಕಲಿಯುತ್ತಾನೆ. ನನಗೆ ತುಂಬ ಇಷ್ಟವಾದ ಭಾಗ ಇದು. ಪ್ರತಿ ಕಂಪ್ಯೂಟರ್, ಟಿವಿ, ಪ್ರಿಂಟರಿಗೂ ಕಾರ್ಖಾನೆಯಿಂದಲೇ ಒಂದು ಗುರುತು ಬಂದಿರುತ್ತದೆ. ಮ್ಯಾಕ್ ವಿಳಾಸ ಎನ್ನುತ್ತಾರೆ. ಒಟ್ಟು 12 ಅಂಕಿ-ಅಕ್ಷರ. ಮೊದಲ 6 ತಯಾರಿಸಿದ ಕಂಪನಿಯದ್ದು, ಉಳಿದ 6 ಆ ಸಾಧನದ್ದು. ದತ್ತಾಂಶದ ಪ್ರತಿ ತುಣುಕಿನ ಮೇಲೂ ಯಾರಿಂದ, ಯಾರಿಗೆ ಎಂದು ಎರಡು ಮ್ಯಾಕ್ ವಿಳಾಸ ಬರೆದಿರುತ್ತದೆ.

ಈಗ ಮೂರನೇ ಪೋರ್ಟಿನಿಂದ ಒಂದು ತುಣುಕು ಬಂತು ಎನ್ನಿ. ಸ್ವಿಚ್ ಮೊದಲು ನೋಡುವುದು ಕಳಿಸಿದವರು ಯಾರು ಎಂದು. ‘ಭಾವನ ಕಂಪ್ಯೂಟರ್ ಮೂರನೇ ಪೋರ್ಟಿನಲ್ಲಿದೆ’ ಎಂದು ತನ್ನ ಪಟ್ಟಿಯಲ್ಲಿ ಬರೆದುಕೊಳ್ಳುತ್ತದೆ. ಆಮೇಲೆ ಯಾರಿಗೆ ಎಂದು ನೋಡುತ್ತದೆ. ಪ್ರಿಂಟರಿಗೆ ಎಂದಿದೆ. ಪಟ್ಟಿಯಲ್ಲಿ ಪ್ರಿಂಟರ್ ಇನ್ನೂ ಇಲ್ಲ. ಹಾಗಾಗಿ ಈ ಒಂದು ಸಲ ಹಬ್ ಥರವೇ ಉಳಿದ ಎಲ್ಲ ಪೋರ್ಟಿಗೂ ಕಳಿಸುತ್ತದೆ. ಪ್ರಿಂಟರ್ ಆರನೇ ಪೋರ್ಟಿನಿಂದ ಉತ್ತರ ಕೊಟ್ಟ ತಕ್ಷಣ ಅದರ ಜಾಗವೂ ಗೊತ್ತಾಯಿತು. ಅಲ್ಲಿಂದ ಮುಂದೆ ಮಾತೆಲ್ಲ ಮೂರು ಮತ್ತು ಆರರ ನಡುವೆ ಮಾತ್ರ. ಸಾಮಾನ್ಯವಾಗಿ 300 ಸೆಕೆಂಡ್, ಅಂದರೆ 5 ನಿಮಿಷ ಒಂದು ಸಾಧನ ಸುಮ್ಮನಿದ್ದರೆ ಅದರ ಹೆಸರನ್ನು ಪಟ್ಟಿಯಿಂದ ಅಳಿಸುತ್ತದೆ. ನೀವು ವೈರನ್ನು ಆರರಿಂದ ಕಿತ್ತು ಎರಡಕ್ಕೆ ಹಾಕಿದರೆ, ಪ್ರಿಂಟರ್ ಮತ್ತೆ ಮಾತಾಡಿದ ಕೂಡಲೇ ಹೊಸ ಜಾಗ ಬರೆದುಕೊಳ್ಳುತ್ತದೆ. ಅದಕ್ಕೇ ಮನೆಯ ಸ್ವಿಚ್‌ಗೆ ಯಾವ ಸೆಟ್ಟಿಂಗೂ ಬೇಕಿಲ್ಲ.

ಇದರಿಂದ ಎರಡು ಲಾಭ. ಒಂದು, ಮೂರು ಮತ್ತು ಆರು ಮಾತಾಡುವಾಗಲೇ ಒಂದು ಮತ್ತು ನಾಲ್ಕು ಬೇರೆ ಮಾತಾಡಬಹುದು, ಎರಡು ಜೋಡಿಗೂ ಪೂರ್ತಿ ವೇಗ. ಹಬ್‌ನಲ್ಲಿ ಇರುವ ವೇಗವನ್ನೇ ಎಲ್ಲರೂ ಹಂಚಿಕೊಳ್ಳಬೇಕು. ಇನ್ನೊಂದು, ಸ್ವಿಚ್‌ನಲ್ಲಿ ಕಳಿಸುವುದು ಮತ್ತು ಪಡೆಯುವುದು ಒಟ್ಟಿಗೇ ನಡೆಯುತ್ತದೆ. ಹಬ್‌ನಲ್ಲಿ ಒಬ್ಬರು ಮಾತಾಡುವಾಗ ಉಳಿದವರೆಲ್ಲ ಕೇಳಿಸಿಕೊಳ್ಳಲೇಬೇಕು.

ಮೊದಲ ಬಹು-ಪೋರ್ಟ್ ಈಥರ್ನೆಟ್ ಸ್ವಿಚ್ ಮಾಡಿದ ಕಂಪನಿಯ ಹೆಸರು ‘ಕಲ್ಪನಾ’. ಅಮೆರಿಕದ ಸಿಲಿಕಾನ್ ವ್ಯಾಲಿಯ ಕಂಪನಿ. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಭಾರತ ಮೂಲದ ವಿನೋದ್ ಭಾರದ್ವಾಜ್ ಅವರ ಪತ್ನಿಯ ಹೆಸರನ್ನೇ ಕಂಪನಿಗೆ ಇಟ್ಟರು. 1990ರಲ್ಲಿ ಏಳು ಪೋರ್ಟಿನ ‘ಈಥರ್‌ಸ್ವಿಚ್’ ಬಂತು. 1994ರಲ್ಲಿ ನೆಟ್‌ವರ್ಕ್ ಸಾಧನ ಮಾಡುವ ಸಿಸ್ಕೊ ಆ ಕಂಪನಿಯನ್ನು ಕೊಂಡುಕೊಂಡಿತು. ಆಗ ಸ್ವಿಚ್ ದುಬಾರಿ, ಹಬ್ ಅಗ್ಗ. ಅದಕ್ಕೇ ಹಳೇ ಆಫೀಸುಗಳಲ್ಲಿ ಹಬ್ ಅಷ್ಟೊಂದು ಇದ್ದವು. ಆಮೇಲೆ ಸ್ವಿಚ್ ಬೆಲೆ ಇಳಿಯಿತು, ಹಬ್‌ಗೆ ಕಾರಣವೇ ಉಳಿಯಲಿಲ್ಲ. ಈಥರ್ನೆಟ್ ಮಾನದಂಡಗಳನ್ನು ಬರೆಯುವ ಐ-ಟ್ರಿಪಲ್-ಇ ಸಮಿತಿ 2011ರಿಂದ ಹೊಸ ಜಾಲಕ್ಕೆ ಹಬ್ ಬೇಡ ಎಂದೇ ಹೇಳಿದೆ.

ಹೆಜ್ಜೆ 1: ನಿಮ್ಮ ಡಬ್ಬ ಯಾವುದು ನೋಡಿ

ತಿರುಗಿಸಿ ಲೇಬಲ್ ಓದಿ. ‘ಸ್ವಿಚ್’ ಎಂದಿದ್ದರೆ ಸ್ವಿಚ್. ‘ಹಬ್’ ಎಂದಿದ್ದರೆ ಹಬ್. ‘10/100/1000’ ಅಥವಾ ‘ಗಿಗಾಬಿಟ್’ ಎಂದಿದ್ದರೆ ಯೋಚನೆಯೇ ಬೇಡ. ಗಿಗಾಬಿಟ್ (1000 ಎಂಬಿಪಿಎಸ್) ವೇಗದ ಇಂಥ ಹಬ್ ಮನೆಬಳಕೆಯ ಮಾರುಕಟ್ಟೆಗೆ ಬರಲೇ ಇಲ್ಲ, ಆದ್ದರಿಂದ ಅದು ಸ್ವಿಚ್ಚೇ. ಬರೀ ‘10/100’ ಎಂದಿದ್ದರೆ ಎರಡೂ ಇರಬಹುದು. ಆಗ ಕೊಲಿಷನ್ ದೀಪ ಹುಡುಕಿ. ಡಬ್ಬಕ್ಕೆಲ್ಲ ಸೇರಿ ಅಂಥ ಒಂದೇ ದೀಪವಿದ್ದರೆ ಅದು ಬಹುತೇಕ ಹಬ್.

ಲೇಬಲ್ ಅಳಿಸಿಹೋಗಿದ್ದರೆ ಕಂಪ್ಯೂಟರನ್ನೇ ಕೇಳಿ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ, ನೆಟ್‌ವರ್ಕ್ ಅಂಡ್ ಇಂಟರ್ನೆಟ್ ಒತ್ತಿ, ಈಥರ್ನೆಟ್ ತೆರೆಯಿರಿ. ಕೆಳಗೆ ‘ಲಿಂಕ್ ಸ್ಪೀಡ್’ ಎಂಬ ಸಾಲು ಇರುತ್ತದೆ. ಅಲ್ಲಿ 10 ಎಂದು ಕಂಡರೆ ಡಬ್ಬವನ್ನು ಬದಲಿಸಲೇಬೇಕು. ಭಾವನ ಮನೆಯಲ್ಲಿ ಮೂರೂ ಕಂಪ್ಯೂಟರಿನಲ್ಲಿ 10 ಎಂದೇ ಇತ್ತು. ಅದರ ಅರ್ಥ ಏನೆಂದರೆ, ಆ ಡಬ್ಬದ ಹಿಂದೆ ನೀವು 100ರ ಪ್ಲಾನ್ ಹಾಕಿಸಿ, 300ರದ್ದು ಹಾಕಿಸಿ, ಕಂಪ್ಯೂಟರಿಗೆ 10 ದಾಟಿ ಬರುವುದಿಲ್ಲ.

ಇದು ಕಾಪಿಗೆ ಎಷ್ಟು ಏಟು ಕೊಡುತ್ತದೆ ಎಂದು ಲೆಕ್ಕ ಹಾಕಿ. ಎಂಟು ಬಿಟ್‌ಗೆ ಒಂದು ಬೈಟ್. 10 ಎಂಬಿಪಿಎಸ್ ಎಂದರೆ ಸೆಕೆಂಡಿಗೆ 1.25 ಎಂಬಿ. ಒಂದು ಮದುವೆಯ 4 ಜಿಬಿ ಫೋಟೊ ಕಳಿಸಲು, ಒಂದೂ ಡಿಕ್ಕಿಯಾಗದೆ ಹೋದರೂ, 53 ನಿಮಿಷ ಬೇಕು. 100 ಎಂಬಿಪಿಎಸ್‌ನಲ್ಲಿ ಐದು ನಿಮಿಷ 20 ಸೆಕೆಂಡ್. ಗಿಗಾಬಿಟ್‌ನಲ್ಲಿ ಅರ್ಧ ನಿಮಿಷ ಸಾಕು, ಹಾರ್ಡ್‌ಡಿಸ್ಕ್ ಅಷ್ಟು ಬೇಗ ಬರೆಯಲಾರದೆ ಸ್ವಲ್ಪ ಜಾಸ್ತಿಯಾಗಬಹುದು.

ಇನ್ನೊಂದು ಮಾತು. ನಿಮ್ಮ ಮೋಡೆಮ್ ಅಥವಾ ರೂಟರ್ ಹಿಂದೆ ಹಳದಿಯೋ ಕಪ್ಪೋ ಬಣ್ಣದ ನಾಲ್ಕು ಲ್ಯಾನ್ (ಮನೆಯೊಳಗಿನ ಜಾಲದ) ಪೋರ್ಟ್ ಇದ್ದರೆ, ಅದರೊಳಗೇ ಒಂದು ಸ್ವಿಚ್ ಇದೆ. ನಾಲ್ಕಕ್ಕಿಂತ ಜಾಸ್ತಿ ಸಾಧನ ಇಲ್ಲದಿದ್ದರೆ ಬೇರೆ ಡಬ್ಬ ಕೊಳ್ಳುವುದೇ ಬೇಡ.

ಹೆಜ್ಜೆ 2: ಅಂಗಡಿಯಲ್ಲಿ ಏನು ಕೇಳಬೇಕು

‘ಐದು ಪೋರ್ಟಿನ ಗಿಗಾಬಿಟ್ ನೆಟ್‌ವರ್ಕ್ ಸ್ವಿಚ್, ಅನ್‌ಮ್ಯಾನೇಜ್ಡ್’ ಎಂದು ಕೇಳಿ. ಬೆಂಗಳೂರಿನ ಎಸ್‌ಪಿ ರೋಡಿರಲಿ, ನಿಮ್ಮೂರಿನ ಕಂಪ್ಯೂಟರ್ ಅಂಗಡಿ ಇರಲಿ, ಈ ಮಾತು ಎಲ್ಲರಿಗೂ ಗೊತ್ತು. ಸುಮ್ನೆ ‘ಹಬ್ ಕೊಡಿ’ ಎಂದರೆ ಯುಎಸ್‌ಬಿ ಹಬ್ ಕೈಗಿಡುತ್ತಾರೆ. ಅದು ಪೆನ್‌ಡ್ರೈವ್, ಮೌಸ್ ಸೇರಿಸುವ ಬೇರೆಯೇ ಸಾಮಾನು. ಅನ್‌ಮ್ಯಾನೇಜ್ಡ್ ಎಂದರೆ ಪ್ಲಗ್ ಹಾಕಿದರೆ ಕೆಲಸ ಶುರು, ಸೆಟ್ಟಿಂಗ್ ಇಲ್ಲ. ಬೆಲೆ ಸಾವಿರ ರೂಪಾಯಿಯ ಆಸುಪಾಸು.

ಪೋರ್ಟ್ ಎಣಿಸುವಾಗ ಒಂದು ಮೋಡೆಮ್‌ಗೆ ಹೋಗುತ್ತದೆ ಎಂಬುದನ್ನು ಮರೆಯಬೇಡಿ. ಐದರ ಡಬ್ಬದಲ್ಲಿ ನಿಮಗೆ ಉಳಿಯುವುದು ನಾಲ್ಕು. ಭಾವನಿಗೆ ಐದು ಸಾಧನ ಇದ್ದದ್ದರಿಂದ ಎಂಟು ಪೋರ್ಟಿನದೇ ತಂದೆವು. 100 ಎಂಬಿಪಿಎಸ್‌ನ ಸ್ವಿಚ್ ಇನ್ನೂ ಅಗ್ಗಕ್ಕೆ ಸಿಗುತ್ತದೆ. ನನ್ನನ್ನು ಕೇಳಿದರೆ ಬೇಡ. ನಾಲ್ಕೈದು ನೂರು ಉಳಿಸಲು ಹೋಗಿ ಮತ್ತೆ ಅಡಚಣೆಯನ್ನೇ ಮನೆಗೆ ತಂದ ಹಾಗೆ.

ಮನೆಗೆ ಐಪಿ ಕ್ಯಾಮೆರಾ, ಅಂದರೆ ನೆಟ್‌ವರ್ಕ್ ವೈರಿಗೇ ಸೇರುವ ಕ್ಯಾಮೆರಾ ಹಾಕಿಸುವ ಯೋಚನೆ ಇದ್ದರೆ ‘ಪಿಓಇ’ ಸ್ವಿಚ್ ಕೇಳಿ. ಅದು ಡೇಟಾ ಹೋಗುವ ವೈರಿನಲ್ಲೇ ಕರೆಂಟನ್ನೂ ಕಳಿಸುತ್ತದೆ. ಮೊದಲ ಮಾನದಂಡದ್ದು ಪೋರ್ಟಿಗೆ 15.4 ವಾಟ್ ಕೊಡುತ್ತದೆ, ಮಾಮೂಲಿ ಕ್ಯಾಮೆರಾಕ್ಕೆ ಧಾರಾಳ. ಡಿವಿಆರ್‌ಗೆ (ರೆಕಾರ್ಡಿಂಗ್ ಡಬ್ಬಕ್ಕೆ) ಸೇರಿಸುವ ಹಳೇ ಥರದ ಕ್ಯಾಮೆರಾ ಇದ್ದರೆ ಇದರ ಅಗತ್ಯ ಇಲ್ಲ.

ಹೆಜ್ಜೆ 3: ಜೋಡಿಸುವುದು

ಹಳೇ ಡಬ್ಬದಿಂದ ವೈರ್ ಕೀಳುವ ಮೊದಲು ಪ್ರತಿ ವೈರಿನ ತುದಿಗೂ ಒಂದು ಪೇಪರ್ ಟೇಪ್ ಸುತ್ತಿ ‘ಟಿವಿ’, ‘ಪ್ರಿಂಟರ್’, ‘ಮೋಡೆಮ್’ ಎಂದು ಬರೆಯಿರಿ. ಆಮೇಲೆ ಹೊಸ ಸ್ವಿಚ್‌ಗೆ ಅದರದ್ದೇ ಅಡಾಪ್ಟರ್ ಹಾಕಿ. ಹಳೇ ಹಬ್‌ನ ಅಡಾಪ್ಟರ್ ಪಿನ್ ಕೂರುತ್ತದೆ ಎಂದು ಅದನ್ನೇ ಚುಚ್ಚಬೇಡಿ. ವೋಲ್ಟೇಜ್ ಬೇರೆ ಇದ್ದರೆ ಹೊಸ ಡಬ್ಬ ಅಲ್ಲೇ ಸುಟ್ಟುಹೋಗಬಹುದು.

ಮೋಡೆಮ್‌ನ ಲ್ಯಾನ್ ಪೋರ್ಟಿನಿಂದ ಬಂದ ವೈರನ್ನು ಸ್ವಿಚ್‌ನ ಯಾವ ಪೋರ್ಟಿಗಾದರೂ ಹಾಕಿ. ಹಳೇ ಹಬ್‌ಗಳಲ್ಲಿ ‘ಅಪ್‌ಲಿಂಕ್’ ಎಂಬ ವಿಶೇಷ ಪೋರ್ಟ್ ಇರುತ್ತಿತ್ತು. ಇಂದಿನ ಸ್ವಿಚ್ ಯಾವ ವೈರ್ ಎಂದು ತಾನೇ ಗುರುತಿಸಿಕೊಳ್ಳುತ್ತದೆ. ಉಳಿದವನ್ನು ಉಳಿದ ಪೋರ್ಟುಗಳಿಗೆ ಹಾಕಿದರೆ ಮುಗಿಯಿತು.

ಕ್ರಮ ಮಾತ್ರ ತಪ್ಪಬಾರದು. ಮೊದಲು ಮೋಡೆಮ್, ಅದರ ಹಿಂದೆ ರೂಟರ್, ಅದರ ಹಿಂದೆ ಸ್ವಿಚ್. ಮನೆಯ ಸಾಧನಗಳಿಗೆ ಐಪಿ ವಿಳಾಸ (ಜಾಲದಲ್ಲಿ ಅವುಗಳ ಸಂಖ್ಯೆ) ಹಂಚುವುದು ರೂಟರ್ ಕೆಲಸ. ಸ್ವಿಚ್ಚೂ ಅದನ್ನು ಮಾಡುವುದಿಲ್ಲ, ಹಬ್ಬೂ ಮಾಡುವುದಿಲ್ಲ. ಮೋಡೆಮ್, ರೂಟರ್ ಎರಡೂ ಒಂದೇ ಡಬ್ಬದಲ್ಲಿ ಬಂದಿದ್ದರೆ ಚಿಂತೆಯಿಲ್ಲ. ಬೇರೆ ಬೇರೆ ಇದ್ದು, ಸ್ವಿಚ್ಚನ್ನು ರೂಟರಿಗಿಂತ ಮುಂಚೆ ಹಾಕಿದರೆ ಒಂದು ಕಂಪ್ಯೂಟರಿಗೆ ಇಂಟರ್ನೆಟ್ ಬಂದು ಉಳಿದವಕ್ಕೆ ಬರದೇ ಇರಬಹುದು.

ಒಂದೇ ವೈರಿನ ಎರಡೂ ತುದಿ ಒಂದೇ ಸ್ವಿಚ್‌ಗೆ ಸೇರದಂತೆ ನೋಡಿಕೊಳ್ಳಿ. ಗುಡಿಸುವಾಗ ವೈರ್ ಬಿಟ್ಟುಹೋಗಿ, ಯಾರೋ ‘ಖಾಲಿ ಇದೆಯಲ್ಲ’ ಎಂದು ಹಾಕಿಬಿಡುತ್ತಾರೆ. ಆಗ ಎಲ್ಲರಿಗೂ ಎಂದು ಹೊರಟ ಸಂದೇಶ ಸುತ್ತುತ್ತಲೇ ಇರುತ್ತದೆ. ಕೆಲವೇ ಕ್ಷಣದಲ್ಲಿ ಇಡೀ ಮನೆಯ ನೆಟ್‌ವರ್ಕ್ ನಿಂತುಹೋಗುತ್ತದೆ. ಎಲ್ಲ ದೀಪಗಳೂ ಒಟ್ಟಿಗೆ, ಒಂದೇ ಸಮ, ಆತುರಾತುರವಾಗಿ ಮಿಣುಕುತ್ತಿದ್ದರೆ ಮೊದಲು ಇದನ್ನೇ ಹುಡುಕಿ.

ಹೆಜ್ಜೆ 4: ವೈರನ್ನೂ ನೋಡಿ

ಸ್ವಿಚ್ ಹಾಕಿದ ಮೇಲೆ ಭಾವನ ಎರಡು ಕಂಪ್ಯೂಟರಿನಲ್ಲಿ ಲಿಂಕ್ ಸ್ಪೀಡ್ 1000 ಬಂತು. ಮೂರನೆಯದರಲ್ಲಿ 100ಕ್ಕೇ ನಿಂತಿತು. ತಪ್ಪು ಡಬ್ಬದ್ದಲ್ಲ, ವೈರಿನದು. ಲ್ಯಾನ್ ಕೇಬಲ್ ಒಳಗೆ ಎಂಟು ಎಳೆ, ಅಂದರೆ ನಾಲ್ಕು ಜೋಡಿ ಇರುತ್ತವೆ. 10 ಮತ್ತು 100ರ ವೇಗಕ್ಕೆ ಎರಡು ಜೋಡಿ ಸಾಕು. ಗಿಗಾಬಿಟ್‌ಗೆ ನಾಲ್ಕೂ ಬೇಕು. ನೀಲಿ ಅಥವಾ ಕಂದು ಜೋಡಿಯ ಒಂದು ಎಳೆ ಕಡಿದರೂ ವೇಗ ಸಾಮಾನ್ಯವಾಗಿ 100ಕ್ಕೆ ಇಳಿಯುತ್ತದೆ.

ಕನೆಕ್ಟರನ್ನು ಬೆಳಕಿಗೆ ಹಿಡಿದು ನೋಡಿದೆ. ನೀಲಿ ಎಳೆ ತುದಿಯವರೆಗೆ ಮುಟ್ಟಿರಲೇ ಇಲ್ಲ, ಅರ್ಧಕ್ಕೇ ನಿಂತಿತ್ತು. ತುದಿ ಕತ್ತರಿಸಿ ಹೊಸ ಕನೆಕ್ಟರ್ ಹಾಕಿ ಕ್ರಿಂಪ್ ಮಾಡಿದೆವು, ಅಂದರೆ ಇಕ್ಕಳದಿಂದ ಹಿಂಡಿ ಕೂರಿಸಿದೆವು. ಕನೆಕ್ಟರಿನ ಲಾಕ್ ಕೆಳಗೆ ಬರುವಂತೆ ಹಿಡಿದು ಎಡದಿಂದ ಬಣ್ಣಗಳ ಕ್ರಮ ಹೀಗೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎರಡೂ ತುದಿಯಲ್ಲಿ ಇದೇ ಕ್ರಮ ಇರಬೇಕು. ಹಿಂಡುವ ಮೊದಲು ಎಂಟೂ ತಾಮ್ರದ ಚುಕ್ಕಿಗಳು ಕನೆಕ್ಟರಿನ ಮೂತಿಯಲ್ಲಿ ಕಾಣಬೇಕು. ಅಲ್ಲಿ ಒಂದು ನಿಮಿಷ ತಾಳ್ಮೆ ಇಟ್ಟರೆ ಆಮೇಲೆ ಎಷ್ಟೋ ತಲೆನೋವು ತಪ್ಪುತ್ತದೆ.

ಹೊಸದಾಗಿ ವೈರ್ ಎಳೆಸುವುದಾದರೆ ಕ್ಯಾಟ್-5ಇ ಅಥವಾ ಕ್ಯಾಟ್-6, ಪೂರ್ತಿ ತಾಮ್ರದ್ದು ಕೇಳಿ. ಅಲ್ಯೂಮಿನಿಯಂಗೆ ತಾಮ್ರ ಲೇಪಿಸಿದ ಅಗ್ಗದ ವೈರ್ ಮಾರುತ್ತಾರೆ, ಬೇಡ. ಒಂದು ಎಳೆತದ ಮಿತಿ 100 ಮೀಟರ್. ಮನೆಗೆ ಅದು ಎಂದೂ ಅಡ್ಡಿಯಾಗದು.

ವೈಫೈ ಕಥೆ, ಮತ್ತು ಒಂದು ಎಚ್ಚರಿಕೆ

ವೈಫೈ ಇರುವಾಗ ಇದೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. ವೈಫೈ ಎಂದರೆ ಒಂದರ್ಥದಲ್ಲಿ ಗಾಳಿಯಲ್ಲಿರುವ ಹಬ್. ಒಂದು ಚಾನೆಲ್ಲಿನಲ್ಲಿ ಒಂದು ಹೊತ್ತಿಗೆ ಸಾಮಾನ್ಯವಾಗಿ ಒಬ್ಬರೇ ಮಾತಾಡಬೇಕು, ಉಳಿದವರು ಸರದಿ ಕಾಯಬೇಕು. ಟಿವಿ, ಕಂಪ್ಯೂಟರಿನಂಥ ಕದಲದ ಸಾಧನಗಳನ್ನು ಸ್ವಿಚ್‌ಗೆ ಹಾಕಿದರೆ ಮೊಬೈಲುಗಳಿಗೆ ಗಾಳಿ ಬಿಡುವಾಗುತ್ತದೆ. ಮನೆಯಿಂದ ಕೆಲಸ ಮಾಡುವವರ ವಿಡಿಯೊ ಕಾಲ್‌ಗೆ ಇದರಿಂದ ಆಗುವ ಅನುಕೂಲ ದೊಡ್ಡದು.

ಎಚ್ಚರಿಕೆ ಏನೆಂದರೆ, ಮಹಡಿ ಬಾಡಿಗೆಗೆ ಕೊಟ್ಟು ಅವರಿಗೂ ಇದೇ ಹಬ್‌ನಿಂದ ವೈರ್ ಎಳೆದಿದ್ದರೆ, ನಿಮ್ಮ ಕಂಪ್ಯೂಟರಿನ ಪ್ರತಿ ತುಣುಕೂ ಅವರ ಕಂಪ್ಯೂಟರಿನವರೆಗೆ ಹೋಗುತ್ತಿದೆ. ಅವರದ್ದು ನಿಮ್ಮಲ್ಲಿಗೂ ಬರುತ್ತಿದೆ. ಬ್ಯಾಂಕಿನ ವೆಬ್‌ಸೈಟುಗಳು ಮಾಹಿತಿಯನ್ನು ಗುಪ್ತಲಿಪಿಯಲ್ಲಿ ಕಳಿಸುತ್ತವೆ, ಅದು ಸಮಾಧಾನ. ಆದರೆ ಪ್ರಿಂಟರಿಗೆ ಹೋಗುವ ಫೈಲ್ ಬಹಳ ಸಲ ಹಾಗೇ ಬಿಚ್ಚಿಕೊಂಡು ಹೋಗುತ್ತದೆ. ಸ್ವಿಚ್ ಹಾಕಿದರೆ ಈ ಸೋರಿಕೆ ಬಹುಪಾಲು ನಿಲ್ಲುತ್ತದೆ. ಅಷ್ಟಕ್ಕೇ ಪೂರ್ತಿ ಕಾವಲು ಸಿಕ್ಕಿತು ಎಂದುಕೊಳ್ಳಬೇಡಿ. ಬಾಡಿಗೆಯವರಿಗೆ ಬೇರೆ ಸಂಪರ್ಕವೇ ಒಳ್ಳೆಯದು.

ಹಳೇ ಹಬ್ಬನ್ನು ಭಾವ ಗುಜರಿಗೆ ಹಾಕಲು ಹೊರಟಿದ್ದರು. ಡಿಪ್ಲೊಮಾ ಓದುತ್ತಿರುವ ಅಕ್ಕನ ಮಗಳು ಬಿಡಲಿಲ್ಲ. ತನ್ನ ಲ್ಯಾಪ್‌ಟಾಪ್, ಒಂದು ಹಳೇ ಕಂಪ್ಯೂಟರ್ ಮತ್ತು ಪ್ರಿಂಟರನ್ನು ಅದಕ್ಕೆ ಸೇರಿಸಿದಳು. ವೈರ್‌ಶಾರ್ಕ್ ಎಂಬ, ಜಾಲದಲ್ಲಿ ಓಡಾಡುವ ತುಣುಕುಗಳನ್ನು ತೋರಿಸುವ ಉಚಿತ ಸಾಫ್ಟ್‌ವೇರ್ ತೆರೆದು ಕೂತಳು. ಹಳೇ ಕಂಪ್ಯೂಟರಿನಿಂದ ಭಾವ ಒಂದು ಲಗ್ನಪತ್ರಿಕೆಯನ್ನು ಪ್ರಿಂಟಿಗೆ ಕೊಟ್ಟರು. ಅವಳ ಪರದೆಯ ಮೇಲೆ ಸಾಲು ಸಾಲಾಗಿ ತುಣುಕುಗಳು ಓಡಿದವು, ಒಂದೂ ಅವಳಿಗೆ ಬಂದದ್ದಲ್ಲ. ಅದೇ ಮೂರು ವೈರನ್ನು ಕಿತ್ತು ಹೊಸ ಸ್ವಿಚ್‌ಗೆ ಹಾಕಿ ಮತ್ತೆ ಪ್ರಿಂಟ್ ಕೊಡಿಸಿದಳು. ಪತ್ರಿಕೆ ಪ್ರಿಂಟರಿನಿಂದ ಹೊರಬಂತು. ಅವಳ ಪರದೆಯಲ್ಲಿ ಅದರ ಸುಳಿವೇ ಇರಲಿಲ್ಲ.